ಜರ್ಮನಿಯವನಿಗೂ ಒಬ್ಬ ಕಫೀಲ್

ಎಂಬತ್ತರ ದಶಕದ ಕೊನೆಗೆ ನಾನು ಕೊಲ್ಲಿ ದೇಶದ ವಾದಿ ಕಬೀರಿನ ವರ್ಕ್‌ಶಾಪೊಂದರಲ್ಲಿ ರಾಡಾರ್ ರಿಪೇರಿ ಮಾಡುತ್ತಿದ್ದೆ. ಒಂದು ಕಾವಲು ದೋಣಿಯ ಜರ್ಮನ್ ರಾಡಾರ್ ಕೆಟ್ಟು ಕೂತಿತ್ತು. ಬೇಗ ಸರಿಯಾಗದಿದ್ದರೆ ನನ್ನನ್ನು ಊರಿಗೆ ಕಳಿಸುವುದಾಗಿ ವೀಸಾ ಕೊಟ್ಟ ಮಾಲೀಕ, ಅಂದರೆ ನನ್ನ ಕಫೀಲ್, ಹೇಳಿಯಾಗಿತ್ತು.

ರಾಡಾರ್ ಕಂಪನಿ ಕಳಿಸಿದ ಜರ್ಮನ್ ಇಂಜಿನಿಯರ್ ಬಿಚ್ಚಿ ನೋಡಿ, "ಒಂದು ಪಾರ್ಟ್ ಬದಲಿಸಬೇಕು. ಅದಕ್ಕೆ ಅಮೆರಿಕ ಒಪ್ಪಬೇಕು" ಎಂದ.

"ರಾಡಾರ್ ನಿಮ್ಮದಲ್ಲವೇ?"

"ನಮ್ಮದೇ. ಆ ಪಾರ್ಟ್ ಮಾತ್ರ ಅವರದು. ಯಾರಿಗೆ ಕೊಡಬಹುದು ಎಂದು ಅವರೇ ಹೇಳಬೇಕು."

ಜರ್ಮನಿಯಂಥ ದೊಡ್ಡ ದೇಶಕ್ಕೆ ಬೆರಳುದ್ದದ ಪಾರ್ಟಿಗೆ ಇನ್ನೊಬ್ಬರ ಅಪ್ಪಣೆ ಬೇಕೇ? ಪಕ್ಕದಲ್ಲಿದ್ದ ಉಡುಪಿಯ ಸದಾನಂದಣ್ಣ ಮೆಲ್ಲಗೆ, "ರೇಟು ಏರಿಸುವ ಉಪಾಯ ಮಾರಾಯ, ನಂಬಬೇಡ" ಎಂದರು. ನಾನೂ ನಂಬಿರಲಿಲ್ಲ.

ಮರುದಿನ ಅದೇ ವಿಷಯಕ್ಕೆ ನಮ್ಮ ಆಫೀಸಿನ ಫೋನಿಗೆ ಅಮೆರಿಕದಿಂದ ಕರೆ ಬಂತು. ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಇಂಜಿನಿಯರ್ ಥಟ್ಟನೆ ಎದ್ದು ನಿಂತ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. "ಸರಿ ಸರ್, ಕಾಯುತ್ತೇವೆ ಸರ್" ಎನ್ನುತ್ತಾ ಗೋಡೆಗೆ ತಲೆಯಾಡಿಸಿದ.

ನನ್ನ ಸಂಶಯ ಅಲ್ಲಿಗೆ ಖಲಾಸ್. ಕಫೀಲ್ ಫೋನು ಮಾಡಿದರೆ ನಾನೂ ಹೀಗೇ ಎದ್ದು ನಿಲ್ಲುವವ. ಅದು ನಾಟಕದಲ್ಲಿ ಬರುವಂಥದ್ದಲ್ಲ.

"ಜರ್ಮನಿಯವನಿಗೂ ಕಫೀಲ್ ಇದ್ದಾನೆ, ಅಮೆರಿಕದಲ್ಲಿ" ಎಂದು ನಮ್ಮ ಕಫೀಲನಿಗೆ ಹೇಳಿದೆ. ಆತನಿಗೆ ತಕ್ಷಣ ಅರ್ಥವಾಯಿತು; ನನ್ನನ್ನು ಊರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ.

ನನ್ನ ಪಾಸ್‌ಪೋರ್ಟ್ ಕಫೀಲನ ಕಪಾಟಿನಲ್ಲಿತ್ತು. ಜರ್ಮನಿಯದ್ದು ಯಾರ ಕಪಾಟಿನಲ್ಲಿದೆ ಎಂದು ಇಂಜಿನಿಯರನ್ನು ಕೇಳಬೇಕೆನಿಸಿತ್ತು. ಪಾಪ, ಫೋನು ಇಟ್ಟ ಮೇಲೂ ಆತ ನಿಂತೇ ಇದ್ದ.