ಎಂಟು ಇಪ್ಪತ್ತರ ಸಾಲು

ಕನ್ನಡ ಬರುವುದಿಲ್ಲ ಎಂದು ನಾನು ಒಬ್ಬ ಹೆಂಗಸಿಗೆ ಸುಳ್ಳು ಹೇಳಿದ್ದೇನೆ. ಹದಿನಾಲ್ಕು ವರ್ಷವಾಯಿತು. ಆ ಸುಳ್ಳಿನಿಂದ ನನಗೆ ಒಳ್ಳೆಯ ಅಂಕಗಳು ಬಂದವು — ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಆಗ ಹೈದರಾಬಾದಿನಲ್ಲಿ ಮನಃಶಾಸ್ತ್ರ ಓದುತ್ತಿದ್ದೆ. ಒಂದೇ ಜಾಗದಲ್ಲಿ ಐದು ದಿನ ಕೂತು, ಅಲ್ಲಿನವರು ಮಾಡುವುದನ್ನೆಲ್ಲ ಗಡಿಯಾರ ನೋಡಿ ಬರೆಯುವ ಅಭ್ಯಾಸ ಕೊಟ್ಟಿದ್ದರು. ಕಂಡದ್ದಷ್ಟೇ ಬರೆಯಬೇಕು, ಅವರೊಡನೆ ಮಾತಾಡಬಾರದು. ಮಣಿಕೊಂಡದ ನಮ್ಮ ಮನೆಯ ಹತ್ತಿರದ ಅಡ್ಡಾ ಆರಿಸಿಕೊಂಡೆ — ಕೂಲಿಯವರು ಬೆಳಿಗ್ಗೆ ಮೇಸ್ತ್ರಿಗಳಿಗಾಗಿ ಕಾಯುವ ರಸ್ತೆಬದಿ. ಆ ವಾರ ಯಾದಗಿರಿ ಕಡೆಯ ಹೆಂಗಸರು ಹೊಸದಾಗಿ ಬಂದಿದ್ದರು. ನಾವು ಕಲಬುರಗಿಯವರು. ಅವರ ಒಂದೊಂದು ಮಾತೂ ನನಗೆ ತಿಳಿಯುತ್ತಿತ್ತು.

"ಈಕಿ ನಮ್ಮ ಹಾಜರಿ ಹಾಕಾಕತ್ತಾಳ ನೋಡ್ರಿ," ಎಂದಳು ಒಬ್ಬಳು.

ಐವತ್ತು ದಾಟಿದ ಶರಣಮ್ಮ ನಕ್ಕರು. "ಹಾಕ್ಲಿ ಬಿಡು. ಮೇಸ್ತ್ರಿ ಮಾರಿಗಿಂತ ಈಕಿ ಮಾರಿ ಚಂದ ಐತಿ."

ನಾನು ತಲೆ ಎತ್ತಲಿಲ್ಲ.

ಅವರಲ್ಲೊಂದು ಪದ್ಧತಿಯಿತ್ತು. ಬಂದ ಕ್ರಮದಲ್ಲಿ ಬುತ್ತಿಗಂಟುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು; ಮೊದಲ ಗಂಟಿನವಳಿಗೆ ಮೊದಲ ಕೆಲಸ. ಎಲ್ಲರಿಗಿಂತ ಮುಂಚೆ ಬರುತ್ತಿದ್ದವರು ಶರಣಮ್ಮ. ನಾಲ್ಕು ತಿಂಗಳ ಬಸುರಿ ರೇಣುಕಾ ಕೊನೆಗೆ ಬರುತ್ತಿದ್ದಳು. ಭಾರದ ಕೆಲಸ ಬಂದರೆ ಶರಣಮ್ಮ ಹಿಂದಿನವರನ್ನು ಕಳಿಸಿ ಕಾಯುತ್ತಿದ್ದರು; ಹಗುರ ಕೆಲಸ ಬಂತೆಂದರೆ ತಮ್ಮ ಗಂಟು ಎತ್ತಿ, ಆ ಜಾಗದಲ್ಲಿ ರೇಣುಕಾಳದನ್ನು ಇಡುತ್ತಿದ್ದರು. ಒಂದು ಮಾತಿಲ್ಲ, ಉಪಕಾರ ಮಾಡಿದೆನೆಂಬ ಮುಖವಿಲ್ಲ. ಮೊದಲ ಎರಡು ದಿನವೂ ಅವರಿಗೇ ಕೆಲಸ ಸಿಗಲಿಲ್ಲ. ಅಷ್ಟು ಸದ್ದಿಲ್ಲದ ಒಳ್ಳೆಯತನವನ್ನು ನಾನು ಆಮೇಲೆ — ಎಲ್ಲಿಯೂ, ಯಾರಲ್ಲಿಯೂ...

ಮೂರನೆಯ ದಿನ, ಎಂಟು ಇಪ್ಪತ್ತಕ್ಕೆ, ಒಬ್ಬ ಮೇಸ್ತ್ರಿ ಬಂದ. ಇವರಿಬ್ಬರೇ ಉಳಿದಿದ್ದರು. ಒಬ್ಬಳು ಸಾಕು, ಲಿಫ್ಟ್ ಇಲ್ಲ, ಆರನೇ ಅಂತಸ್ತಿಗೆ ಉಸುಕು ಹೊರಬೇಕು ಎಂದು ತೆಲುಗಿನಲ್ಲಿ ಗಡಿಬಿಡಿಯಾಗಿ ಹೇಳಿದ. ಇಬ್ಬರಿಗೂ ತೆಲುಗು ತಿಳಿಯದು; ತಿಳಿದವರು ಆಗಲೇ ಕೆಲಸಕ್ಕೆ ಹೋಗಿದ್ದರು. ಶರಣಮ್ಮ ನನ್ನತ್ತ ತಿರುಗಿದರು.

"ತಂಗಿ, ಕನ್ನಡ ಬರ್ತೈತೇನವ್ವ? ಹಗುರ ಕೆಲಸ ಐತೇನು, ಅಂವ ಏನಂತಾನ ಹೇಳು."

"ಕನ್ನಡಾ ನಹೀ ಆತಾ," ಎಂದೆ.

ಮೇಸ್ತ್ರಿ ಅಷ್ಟೇನಿಲ್ಲ ಎನ್ನುವಂತೆ ಕೈಯಾಡಿಸಿದ. ಸಣ್ಣ ಕೆಲಸವೆಂದುಕೊಂಡು ಶರಣಮ್ಮ ಗಂಟುಗಳನ್ನು ಬದಲಿಸಿದರು. ರೇಣುಕಾ ಅವನ ಹಿಂದೆ ಹೋದಳು. ಆಗಲಾದರೂ ಕೂಗಬಹುದಿತ್ತು. ನಾನು ಬರೆಯುತ್ತಿದ್ದೆ.

ಮರುದಿನ ಸಾಲಿನಲ್ಲಿ ಅವಳ ಗಂಟು ಇರಲಿಲ್ಲ. ಶರಣಮ್ಮ ಪಕ್ಕದವಳಿಗೆ ಹೇಳುತ್ತಿದ್ದರು — "ಮೂರನೇ ಸಲ ಹತ್ತೂವಾಗ ಕುಂತುಬಿಟ್ಟಳಂತ. ದವಾಖಾನಿಗೆ ಹಾಕ್ಯಾರ. ನನ್ನ ಕೈಯಾರೆ ಕಳಿಸೀನಿ ಆಕಿನ್ನ."

ನನ್ನ ತಪ್ಪನ್ನು ಅವರು ಹೊತ್ತುಕೊಂಡಿದ್ದರು. ನಾನು ಹೊರಲು ಬಿಟ್ಟೆ.

ಕೊನೆಯ ದಿನ ಅಮ್ಮನ ಫೋನ್ ಬಂತು. ಮರೆತು ಕನ್ನಡದಲ್ಲೇ ಮಾತಾಡಿದೆ. ಶರಣಮ್ಮ ತಿರುಗಿ ನನ್ನನ್ನು ನೋಡಿದರು. ಬಳಿಕ ಬುತ್ತಿ ಬಿಚ್ಚಿ, ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟರು.

"ದಿನಾ ಏನೂ ತಿನ್ನದ ಕುಂದರ್ತಿ. ತಿನ್ನವ್ವ."

ಅಷ್ಟೇ. ಕೂಸು ಉಳಿಯಿತೇ ಎಂದು ಕೇಳಬೇಕಿತ್ತು — ಕೇಳಲಿಲ್ಲ. ಮುಂದಿನ ವಾರ ಹೋದಾಗ ಆ ಹೆಂಗಸರು ಬೇರೆಲ್ಲಿಗೋ ಹೋಗಿದ್ದರು. ಇಂದಿಗೂ ಗೊತ್ತಿಲ್ಲ.

ನನ್ನ ವರದಿಯಲ್ಲಿ ಆ ಸಾಲು ಹೀಗಿತ್ತು: "8.20 — ದಾರಿಹೋಕರೊಬ್ಬರನ್ನು ವಿಚಾರಿಸಿದರು, ಮಾಹಿತಿ ಸಿಗಲಿಲ್ಲ." ನೀನು ಇದರಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ ಎಂದು ಮೇಷ್ಟ್ರು ಮೆಚ್ಚಿದ್ದರು.

ಈಗ ಈ ಅಭ್ಯಾಸವನ್ನು ನಾನೇ ಮಾಡಿಸುತ್ತೇನೆ. ಈ ವರ್ಷ ಆ ಹಾಳೆಯನ್ನು ವಿದ್ಯಾರ್ಥಿಗಳ ಮುಂದಿಟ್ಟು, ಶರಣಮ್ಮ ಗಂಟು ಬದಲಿಸಿದ ನಿಮಿಷಗಳನ್ನೆಲ್ಲ ಓದಿ ಹೇಳಿದೆ. ಆಮೇಲೆ ಆ ಸಾಲಿಗೆ ಗೀಟು ಎಳೆದು, ಕೆಳಗೆ ಬರೆದೆ:

"8.20 — ಕೇಳಿದ್ದು ನನ್ನನ್ನು. ನನಗೆ ಗೊತ್ತಿತ್ತು. ಹೇಳಲಿಲ್ಲ."