ಹಣ್ಣಿನ ಬುಟ್ಟಿ ವಾಪಸು ಕೊಡದ ನಟಿ

ರಿಸೆಶನ್ ಬಂದ ಮೇಲೆ ಮಿಶಿಗನ್ನಿನ ಸೌತ್‌ಫೀಲ್ಡ್ ಸುತ್ತಮುತ್ತ ಎರಡು ಸಂಗತಿಗಳು ಒಟ್ಟಿಗೇ ಹೆಚ್ಚಿದವು: ಮನೆಗಳ ಮುಂದೆ ‘ಫಾರ್ ಸೇಲ್’ ಬೋರ್ಡು, ಮತ್ತು ನಮ್ಮವರಿಗೆ ಕನ್ನಡದ ಮೇಲೆ ಅಭಿಮಾನ. ಕೆಲಸವಿದ್ದ ಕಾಲದಲ್ಲಿ ಕನ್ನಡ ಕೂಟದ ಕಡೆ ತಿರುಗಿಯೂ ನೋಡದ ಎಂಜಿನಿಯರುಗಳು ಲೇ-ಆಫ್ ಆದ ಮರುವಾರವೇ ನಾಡು-ನುಡಿಯ ಸೇವೆಗೆ ಟೊಂಕ ಕಟ್ಟಿದರು. ಕಮಿಟಿಯಲ್ಲಿ ಜಾಗ ಸಾಲದೆ ಸಬ್-ಕಮಿಟಿಗಳು ಹುಟ್ಟಿದವು. ಮೈಕ್ ಟೆಸ್ಟ್ ಮಾಡುವುದಕ್ಕೇ ಒಬ್ಬ ಪಿಎಚ್‌ಡಿ ಇದ್ದರು. ತಾಯಿ ಭುವನೇಶ್ವರಿಗೆ ಅಷ್ಟೊಂದು ಕ್ವಾಲಿಫೈಡ್ ಮಕ್ಕಳು ಹಿಂದೆಂದೂ ಇದ್ದಿರಲಾರರು.

ನಾನು ಮಾತ್ರ ಲೈಬ್ರರಿ ಸೇರಿದೆ. ಈ ದೇಶಕ್ಕೆ ಹೊಸದಾಗಿ ಬಂದವರಿಗೆ ಇಂಗ್ಲಿಷ್ ಮಾತಾಡಲು ಕಲಿಸುವ ವಾಲಂಟಿಯರ್ ಕೆಲಸ. ನನ್ನ ಅರ್ಹತೆಯೆಂದರೆ ಮೈಸೂರಿನ ಕಾನ್ವೆಂಟು. ಅಲ್ಲಿ ಐರಿಶ್ ಮದರ್ ಒಬ್ಬರು “ಡಿಕ್ಷನ್, ಗರ್ಲ್ಸ್, ಡಿಕ್ಷನ್!” ಎಂದು ಮೇಜು ಕುಟ್ಟಿ ಕುಟ್ಟಿ ನಮ್ಮ ನಾಲಿಗೆಗೆ ಇಸ್ತ್ರಿ ಹಾಕಿದ್ದರು. ಆ ಡಿಕ್ಷನ್ನಿನಲ್ಲಿ ಕಾಫಿ ಕೇಳಿದರೆ ಮಿಶಿಗನ್ನಿನ ಡ್ರೈವ್-ಥ್ರೂನಲ್ಲಿ ಇಂದಿಗೂ “ಎಕ್ಸ್‌ಕ್ಯೂಸ್ ಮೀ?” ಅನ್ನುತ್ತಾರೆ. ನನಗೆ ಸ್ಟೇಜಿನ ಹುಚ್ಚು ಹತ್ತಿದ್ದೂ ಅಲ್ಲಿಯೇ. ಪ್ರತಿ ಕ್ರಿಸ್‌ಮಸ್ ನಾಟಕದಲ್ಲೂ ಎತ್ತರವಿದ್ದೇನೆಂದು ನನಗೆ ಮೇರಿಯ ಗಂಡ ಜೋಸೆಫನ ಪಾತ್ರ ಕೊಡುತ್ತಿದ್ದರು. ಜೋಸೆಫನಿಗೆ ಮಾತಿಲ್ಲ. ಡಿಕ್ಷನ್ ಎಲ್ಲ ಮೇರಿಯ ಪಾಲು.

ಲೈಬ್ರರಿಯ ಕಂಪ್ಯೂಟರುಗಳ ಮುಂದೆಲ್ಲ ರೆಸ್ಯುಮೆ ತಿದ್ದುವವರೇ ಕೂತಿದ್ದರಿಂದ ನಮ್ಮ ಕ್ಲಾಸನ್ನು ಮಕ್ಕಳ ವಿಭಾಗಕ್ಕೆ ತಳ್ಳಿದ್ದರು. ಮೊಣಕಾಲು ಗಲ್ಲಕ್ಕೆ ತಾಗುವಂಥ ಪುಟ್ಟ ಕುರ್ಚಿಗಳು. ಅಲ್ಲಿಗೆ ಒಂದು ಬೆಳಿಗ್ಗೆ ಜಪಾನಿ ಹೆಂಗಸೊಬ್ಬರನ್ನು ಅವರ ಮಗಳು ಕರೆತಂದಳು. ನನ್ನದೇ ವಯಸ್ಸು. ಆ ಗೊಂಬೆ ಕುರ್ಚಿಯಲ್ಲಿ ನಾವೆಲ್ಲ ಮೂಟೆಗಳ ಹಾಗೆ ಕೂತಿದ್ದರೆ, ಆಕೆ ಕೂತಾಗ ಅದು ಸಿಂಹಾಸನವಾಯಿತು.

“ನಮ್ಮಮ್ಮ ಆ್ಯಕ್ಟ್ರೆಸ್ ಆಗಿದ್ದರು,” ಎಂದು ಮಗಳು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು, ಏನೋ ಕಾಯಿಲೆ ತಿಳಿಸುವವಳಂತೆ. “ಬಹಳ ಹಿಂದೆ. ಈಗ ಮನೆಯಲ್ಲಿ ಗೋಡೆ ಜೊತೆ ಮಾತಾಡುತ್ತಾರೆ. ಪ್ಲೀಸ್, ಸ್ವಲ್ಪ ಇಂಗ್ಲಿಷ್ ಕಲಿಸಿ.”

ಗೋಡೆಗೂ ಇಂಗ್ಲಿಷ್ ಬರುತ್ತಿತ್ತೇನೋ.

ಆಕೆಯ ಬದುಕು ನನಗೆ ತಿಳಿದದ್ದು ಹೀಗೆ, ತುಂಡು ತುಂಡಾಗಿ, ಆ ಪುಟ್ಟ ಕುರ್ಚಿಗಳ ಮೇಲೆ. ಬಂದರು ಊರಿನ ಹುಡುಗಿ. ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಒಂದು ಸ್ಟುಡಿಯೋ ಹೊಸ ಮುಖಗಳನ್ನು ಹುಡುಕುತ್ತಿತ್ತು. ಈಕೆ ಅಕ್ಕನ ಕಿಮೋನೋ ಉಟ್ಟು ಹೋಗಿ ಆಯ್ಕೆಯಾದರು. ಅಕ್ಕನೂ ಹೋಗಿದ್ದಳಂತೆ, ಹಳೆಯ ಕಿಮೋನೋದಲ್ಲಿ. ಆಯ್ಕೆಯಾಗಲಿಲ್ಲ, ಮಾತೂ ಬಿಟ್ಟಳು. ಮೊದಲ ಚಿತ್ರದಲ್ಲಿ ಛತ್ರಿ ಹಿಡಿದು ಸೇತುವೆ ದಾಟುವುದು. ಎರಡನೆಯದರಲ್ಲಿ ಟೀ ತಂದಿಡುವುದು. ಆಮೇಲೆ ನರ್ಸು, ನಾಯಕಿಯ ತಂಗಿ, ನಾಯಕಿಯ ಗೆಳತಿ. ಒಂದೇ ಒಂದು ಚಿತ್ರದಲ್ಲಿ ನಾಯಕಿ. ಅದು ಬಿಡುಗಡೆಯಾದ ವಾರವೇ ಭಾರಿ ಬಿರುಗಾಳಿ ಬಂದು ಜನ ಮನೆ ಬಿಟ್ಟು ಹೊರಡಲಿಲ್ಲ. ಸ್ಟುಡಿಯೋದವರು ಬಿರುಗಾಳಿಯನ್ನು ದೂರದೆ ಈಕೆಯ ಮೂಗನ್ನು ದೂರಿದರು. ನಂತರ ನಾಟಕ ಕಂಪನಿ ಸೇರಿ, ಅಲ್ಲಿ ಲೈಟು ಬಿಡುವವನನ್ನೇ ಮದುವೆಯಾದರು.

“ಗುಡ್ ಹಸ್ಬೆಂಡ್,” ಎಂದರು. “ಯಾವಾಗಲೂ ನನ್ನನ್ನೇ ನೋಡುತ್ತಿದ್ದ. ಅದೇ ಅವನ ಕೆಲಸ.”

ನಾನು ನಮ್ಮ ಯಜಮಾನರನ್ನು ನೆನೆದೆ. ನಿವೃತ್ತ ಎಂಜಿನಿಯರು. ಆ ದಿನಗಳಲ್ಲಿ ಅವರು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದದ್ದು ಟೀವಿಯಲ್ಲಿ ಓಡುವ ಷೇರು ದರಗಳನ್ನು. ಉಳಿದಂತೆ ಯಾವ ಸಭೆಯಲ್ಲಿ ಕೂರಿಸಿದರೂ ಪ್ರಾರ್ಥನೆ ಮುಗಿಯುವುದರೊಳಗೆ ನಿದ್ದೆ.

ಈಕೆಗೆ ಉಳಿದಿದ್ದ ಆಸೆ ಆ ಕಂಪನಿಯ ನಾಟಕದ ಒಂದೇ ಒಂದು ದೃಶ್ಯ. ಒಬ್ಬ ತಾಯಿ ರೈಲು ನಿಲ್ದಾಣಕ್ಕೆ ಬರುತ್ತಾಳೆ. ಯುದ್ಧಕ್ಕೆ ಹೋದ ಮಗನ ಅಸ್ಥಿ ಬರುತ್ತದೆ, ಬಿಳಿ ಬಟ್ಟೆ ಸುತ್ತಿದ ಒಂದು ಮರದ ಡಬ್ಬಿ. ಅಧಿಕಾರಿ ಅದನ್ನು ಕೈಗಿಡುತ್ತಾನೆ. ಆಕೆ ತೆಗೆದುಕೊಂಡು ಮನೆಗೆ ಹೋಗುತ್ತಾಳೆ. ಅಷ್ಟೇ, ಮಾತಿಲ್ಲ. ಈಕೆ ಆ ಪಾತ್ರಕ್ಕೆ ಸಿದ್ಧರಾಗಿ, ಇನ್ನೇನು ಮೊದಲ ಪ್ರದರ್ಶನ ಅನ್ನುವಾಗ ಗಂಡ ತೀರಿಕೊಂಡ. ಬೇರೆ ಯಾರೋ ಆ ಪಾತ್ರ ಮಾಡಿದರು. ಈಕೆಯನ್ನು ಮತ್ತೆ ಯಾರೂ ಕರೆಯಲಿಲ್ಲ.

“ಡಬ್ಬಿ ಹಗುರ,” ಎಂದರು ಆಕೆ, ಮಕ್ಕಳ ಬಿಲ್ಡಿಂಗ್ ಬ್ಲಾಕಿನ ಡಬ್ಬಿಯನ್ನು ಎತ್ತಿ ತೋರಿಸುತ್ತಾ. “ಅದೇ ಕಷ್ಟ, ಸೆನ್ಸೇ.” ಟೀಚರಿಗೆ ಅವರಲ್ಲಿ ಹಾಗನ್ನುತ್ತಾರೆ. “ಭಾರ ಯಾವ ಹುಡುಗಿಯಾದರೂ ನಟಿಸುತ್ತಾಳೆ. ತಾಯಿ, ಭಾರ ಇರುತ್ತದೆ ಅಂದುಕೊಂಡು ಕೈ ಚಾಚುತ್ತಾಳೆ. ಆದರೆ ಹಗುರ. ಮಗ ಇಷ್ಟೇನಾ? ಆ ಒಂದು ಕ್ಷಣ. ಅದನ್ನು ಒಂದು ಸಲ ಜನರ ಮುಂದೆ ಮಾಡಬೇಕು. ಗೋಡೆ ಮುಂದೆ ಸಾಕಾಯಿತು.”

ಸಮಯವೂ ಇರಲಿಲ್ಲ. ಅಳಿಯನಿದ್ದ ಆಟೋ ಪಾರ್ಟ್ಸ್ ಆಫೀಸು ಬಾಗಿಲು ಹಾಕುವುದರಲ್ಲಿತ್ತು. ದೀಪಾವಳಿಗೆ ಮುಂಚೆ ಸಂಸಾರವೆಲ್ಲ ಜಪಾನಿಗೆ ವಾಪಸು, ಅಲ್ಲಿ ಎರಡು ಕೋಣೆಯ ಫ್ಲ್ಯಾಟು. ಆಮೇಲೆ ಗೋಡೆಯೂ ಪೂರ್ತಿ ಆಕೆಯದಲ್ಲ.

ನನಗೆ ಗೊತ್ತಿದ್ದ ಸ್ಟೇಜು ಒಂದೇ. ಕನ್ನಡ ಕೂಟದ ಅಧ್ಯಕ್ಷನಿಗೆ ಫೋನ್ ಮಾಡಿದೆ. ಹುಬ್ಬಳ್ಳಿ ಕಡೆಯವನು, ಒಳ್ಳೆಯ ಹುಡುಗ. ಐವತ್ತರ ಹುಡುಗ.

“ಆಂಟಿ, ಇದು ಕನ್ನಡ ಕೂಟ ಐತ್ರಿ. ಗಣಪತಿ ಹಬ್ಬದಾಗ ಜಪಾನಿ ನಾಟಕ ಮಾಡಿಸಿದ್ರ ಮಂದಿ ಏನಂದಾರು?”

“ಅದರಲ್ಲಿ ಮಾತೇ ಇಲ್ಲಪ್ಪ.”

“ಮಾತಿಲ್ಲಂದ್ರ ಅದು ಕನ್ನಡ ಅಂತ ಹೆಂಗ ಹೇಳೂದ್ರಿ?”

“ಜಪಾನಿ ಅಂತಾನೂ ಹೇಳಕ್ಕಾಗಲ್ವಲ್ಲ. ಪಾಪ, ಸಿನಿಮಾದಲ್ಲೆಲ್ಲ ಮಾಡಿದೋರು. ಬರೀ ಹತ್ತು ನಿಮಿಷ ಕೇಳ್ತಿದಾರೆ.”

“ಫಿಲ್ಮ್ ಆ್ಯಕ್ಟ್ರೆಸ್ಸಾ? ಮೊದಲ ಹೇಳಬಾರದೇನ್ರೀ ಆಂಟಿ! ಸನ್ಮಾನ ಮಾಡೇಬಿಡೂಣ್ರಿ! ಚಿಕಾಗೋದವರು ಹ್ವಾದ ವರ್ಷ ಬೆಂಗಳೂರಿಂದ ಸೀರಿಯಲ್ ಹೀರೋಯಿನ್ ಕರೆಸಿ ಎಷ್ಟ್ ಮೆರೆದಾಡಿದ್ರು. ನಮ್ದು ಇಂಟರ್‌ನ್ಯಾಷನಲ್ ಆತು!”

ಏರ್ ಟಿಕೆಟಿಲ್ಲದೆ ಆರು ಮೈಲಿ ದೂರದಿಂದ ಬರುವ ಇಂಟರ್‌ನ್ಯಾಷನಲ್ ಅತಿಥಿ. ರಿಸೆಶನ್ನಿನಲ್ಲಿ ದೇವರು ಕೊಟ್ಟ ವರ.

ಸನ್ಮಾನದ ವಿಷಯ ತಿಳಿಯದವರಿಗಾಗಿ ಇಲ್ಲಿ ಒಂದು ಮಾತು. ಸ್ಪಾನ್ಸರುಗಳು ಕಡಿಮೆಯಾದಷ್ಟೂ ನಮ್ಮಲ್ಲಿ ಸನ್ಮಾನ ಹೆಚ್ಚುತ್ತದೆ, ಉಳಿದವರು ಓಡಿಹೋಗಬಾರದಲ್ಲ. ಆ ವರ್ಷ ಮಾತ್ರ ಕಮಿಟಿ ಕೈ ಬಿಗಿಹಿಡಿದಿತ್ತು. ಶಾಲು ತಲಾ ಒಂದು, ಬಿಳಿಯದು, ಅಂಚಿನಲ್ಲಿ ಜರಿಯಿದೆಯೆಂದು ನಂಬಬೇಕು. ಮೈಸೂರು ಪೇಟ ಎಲ್ಲರಿಗೂ ಸೇರಿ ಒಂದೇ. ಫೋಟೋ ತೆಗೆದ ಕೂಡಲೇ ಬಿಚ್ಚಿ ಮುಂದಿನ ತಲೆಗೆ. ಹಣ್ಣಿನ ಬುಟ್ಟಿಯೂ ಒಂದೇ. ಫೋಟೋ ಆದ ಮೇಲೆ ಅಧ್ಯಕ್ಷನೇ ನಯವಾಗಿ ವಾಪಸು ಈಸಿಕೊಳ್ಳುತ್ತಿದ್ದ. ಹಣ್ಣು ತರುವ ಕೆಲಸ, ರಿಟೈರಾಗಿದ್ದಾರೆಂದು, ನಮ್ಮ ಯಜಮಾನರ ತಲೆಗೆ ಬಂದಿತ್ತು.

ಹಬ್ಬದ ದಿನ ಮಧ್ಯಾಹ್ನ ಒಂದು ಹೈಸ್ಕೂಲ್ ಆಡಿಟೋರಿಯಮ್. ಆಕೆ ಕಪ್ಪು ಕಿಮೋನೋದಲ್ಲಿ ಬಂದರು. ಮರದ ಡಬ್ಬಿಯನ್ನೂ ಬಿಳಿ ಬಟ್ಟೆಯನ್ನೂ ಜೊತೆಗೆ ತಂದು, ಗ್ರೀನ್ ರೂಮ್ ಎನ್ನಿಸಿಕೊಂಡಿದ್ದ ಬ್ಯಾಂಡ್ ರೂಮಿನಲ್ಲಿ ಜೋಪಾನವಾಗಿಟ್ಟು, ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತರು. ಪ್ರಾರ್ಥನೆಯಾಯಿತು. ಯಜಮಾನರು ಮಲಗಿದರು. ಮಕ್ಕಳ ಡ್ಯಾನ್ಸ್, ಮಕ್ಕಳ ಇನ್ನೊಂದು ಡ್ಯಾನ್ಸ್, ಟ್ಯಾಕ್ಸ್ ಮಾಡಿಕೊಡುವವರ ಭಾಷಣ, ಅವರಿಗೆ ಸನ್ಮಾನ. ಡೆಂಟಿಸ್ಟರಿಗೆ ಸನ್ಮಾನ. ಕೆಫೆಟೀರಿಯಾದಿಂದ ಬಿಸಿಬೇಳೆ ಭಾತಿನ ವಾಸನೆ ತೇಲಿಬಂದು ಹಿಂದಿನ ಸಾಲುಗಳು ಒಂದೊಂದಾಗಿ ಏಳತೊಡಗಿದವು. ಅಧ್ಯಕ್ಷ ಬಗ್ಗಿ ನನ್ನ ಕಿವಿಗೆ ಬಂದ.

“ಆಂಟಿ, ತಪ್ಪು ತಿಳೀಬ್ಯಾಡ್ರಿ. ಐದಕ್ಕ ಹಾಲ್ ಖಾಲಿ ಮಾಡಬೇಕ್ರಿ. ಜಪಾನ್ ಆಂಟೀ ಐಟಮ್ ಕಟ್. ಸನ್ಮಾನ ಮಾತ್ರ ಗ್ರ್ಯಾಂಡ್ ಮಾಡ್ತೀವ್ರಿ!”

“ಅಲ್ಲಯ್ಯ, ಅವರು ಬಂದಿರೋದೇ ಆ್ಯಕ್ಟ್ ಮಾಡಕ್ಕೆ!”

“ಸಮಯದ ಅಭಾವ್ರಿ,” ಎಂದು ಹೊರಟೇಬಿಟ್ಟ. ಕನ್ನಡದ ಸಭೆಗಳಲ್ಲಿ ಈ ಅಭಾವ ಕಲಾವಿದರಿಗೆ ಮಾತ್ರ ಬರುತ್ತದೆ. ಭಾಷಣಕಾರರಿಗೆ ಬಂದದ್ದನ್ನು ನಾನು ಕಂಡಿಲ್ಲ.

ಆಕೆಗೆ ಹೇಳಿದೆ. ಮುಖ ಬದಲಾಗಲಿಲ್ಲ. ಕೈಗಳು ಮಾತ್ರ ತೊಡೆಯ ಮೇಲೆ ಒಂದರಮೇಲೊಂದು ಬಂದವು. ಆ ಕೈ ನೋಡಿ ನನಗೆ ಏನು ಹೊಳೆಯಿತೋ!

“ಕೇಳಿ,” ಎಂದೆ. “ಸನ್ಮಾನ ಆದ ಮೇಲೆ ಎರಡು ಮಾತಾಡಿ ಅನ್ನುತ್ತಾರೆ. ನಮ್ಮಲ್ಲಿ ಅದನ್ನು ಯಾರೂ ಕಟ್ ಮಾಡುವ ಹಾಗಿಲ್ಲ. ಶಾಲು ಹೊದಿಸಿಕೊಂಡವರನ್ನು ಇಳಿಸಿದ ಇತಿಹಾಸವೇ ಇಲ್ಲ.”

“ಎರಡು ಮಾತು ಅಂದರೆ ಎಷ್ಟು ಹೊತ್ತು?”

“ಅರ್ಧ ಗಂಟೆಗೆ ಕಡಿಮೆ ನಾನು ಕೇಳಿಲ್ಲ.”

“ಡಬ್ಬಿ ಒಳಗಿದೆ,” ಎಂದರು. ಅಷ್ಟರಲ್ಲಿ ಮೈಕಿನಲ್ಲಿ ಆಕೆಯ ಹೆಸರನ್ನು ಮೂರು ಬಗೆಯಲ್ಲಿ ತಪ್ಪಾಗಿ ಕೂಗಿಯಾಗಿತ್ತು.

ಅಧ್ಯಕ್ಷ ಪರಿಚಯ ಓದಿದ. ಛತ್ರಿ ಹಿಡಿದು ಸೇತುವೆ ದಾಟಿದವರನ್ನು ಜಪಾನ್ ಚಿತ್ರರಂಗದ ಧ್ರುವತಾರೆ ಮಾಡಿದ. ಶಾಲು ಬಂತು, ಪೇಟ ಬಂತು. ಅದು ಡೆಂಟಿಸ್ಟರ ಅಳತೆಯದು, ಆಕೆಯ ಹುಬ್ಬಿನ ತನಕ ಇಳಿಯಿತು. ಬುಟ್ಟಿ ಕೈಗೆ ಬಂತು. ಫೋಟೋ. ಕೆಳಗೆ ರಿಯಲ್ ಎಸ್ಟೇಟ್ ಸ್ಪಾನ್ಸರ್ ಮುಂದಿನ ಸನ್ಮಾನಕ್ಕೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಆ ವರ್ಷ ಒಂದು ಮನೆಯನ್ನೂ ಮಾರಲಾಗದ ಅವರಿಗೆ ಆ ಬುಟ್ಟಿಯಾದರೂ ಬೇಕಿತ್ತು.

“ಎರಡು ಮಾತಾಡ್ರಿ ಆಂಟಿ,” ಎಂದು ಅಧ್ಯಕ್ಷ ಮೈಕ್ ಚಾಚಿದ.

ಆಕೆ ಮೈಕ್ ತೆಗೆದುಕೊಳ್ಳಲಿಲ್ಲ. ಪೇಟ ತೆಗೆದು ಅವನ ಕೈಗಿತ್ತರು. ಶಾಲನ್ನು ಹೆಗಲಿಂದ ಜಾರಿಸಿ ನೆಲದ ಮೇಲೆ ಹಾಸಿ, ಬುಟ್ಟಿಯನ್ನು ನಡುವೆ ಇಟ್ಟು, ನಾಲ್ಕು ತುದಿಗಳನ್ನು ಎತ್ತಿ ಗಂಟು ಹಾಕಿದರು. ಹಿಂದೆ ಸರಿದರು. ಮತ್ತೆ ಮುಂದೆ ಬಂದಾಗ ಅವರು ನಮ್ಮ ಜಪಾನ್ ಆಂಟಿಯಲ್ಲ. ಯಾವುದೋ ರೈಲು ಇಳಿದವರ ನಡುವೆ ದಾರಿ ಬಿಡಿಸಿಕೊಂಡು ಬರುತ್ತಿರುವ ಮುದುಕಿ.

ಎರಡೂ ಕೈ ಚಾಚಿದರು. ಸೊಂಟ ಬಿಗಿದು, ಭಾರಕ್ಕೆ ಅಣಿಯಾಗಿ ಎತ್ತಿದರು.

ಆ ಬುಟ್ಟಿಯ ತೂಕ ನನಗೆ ಗೊತ್ತು. ಬೆಳಿಗ್ಗೆ ಕಾರಿನಿಂದ ಇಳಿಸಲು ನಾವು ಗಂಡ-ಹೆಂಡತಿ ಇಬ್ಬರೂ ಹಿಡಿದಿದ್ದೆವು. ಆಕೆಯ ಕೈಯಲ್ಲಿ ಅದು ತಟ್ಟನೆ ಮೇಲೆ ಹಾರಿತು. ಒಳಗೆ ಏನೂ ಇಲ್ಲವೆನ್ನುವ ಹಾಗೆ. ಮೈ ಒಂದಿಷ್ಟು ಹಿಂದಕ್ಕೆ ವಾಲಿತು, ಅಷ್ಟೇ. ನಿಂತು ಅದನ್ನೇ ನೋಡಿದರು.

ಕೆಫೆಟೀರಿಯಾ ಕಡೆ ಹೊರಟಿದ್ದವರು ನಡುದಾರಿಯಲ್ಲಿ ನಿಂತರು.

ಅಧ್ಯಕ್ಷನಿಗೆ ಮಾತ್ರ ಕರ್ತವ್ಯ ನೆನಪಾಯಿತು. ಮೈಕ್ ಆನ್ ಇರುವುದನ್ನು ಮರೆತು ಹತ್ತಿರ ಹೋದ. “ಆಂಟಿ... ಆ ಬುಟ್ಟಿ... ಮುಂದಿನವರಿಗೆ ಬೇಕ್ರಿ...” ಎಂದು ಗಂಟಿನ ಮೇಲೆ ಕೈಯಿಟ್ಟ. ಆಕೆ ತಲೆಯೆತ್ತಿ ಅವನನ್ನು ನೋಡಿದರು. ಕೋಪವಿರಲಿಲ್ಲ. ತಂದುಕೊಟ್ಟವನಿಗೆ ಉಪಕಾರ ಹೇಳುವಂತೆ ನಡು ಬಗ್ಗಿಸಿ, ಬಹಳ ಕೆಳಗೆ, ನಮಸ್ಕರಿಸಿದರು.

ಅವನ ಕೈ ಸರಿಯಿತು. ಏನು ಮಾಡಬೇಕೆಂದು ತೋಚದೆ ಪೇಟವನ್ನು ಎದೆಗೆ ಒತ್ತಿ ಹಿಡಿದು ತಾನೂ ತಲೆ ತಗ್ಗಿಸಿದ. ಟೋಪಿ ತೆಗೆದು ನಿಂತ ಅಧಿಕಾರಿಯ ಹಾಗೇ ಇದ್ದ. ರಿಹರ್ಸಲ್ ಮಾಡಿಸಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಆ ಸಂಜೆ ಜೋಸೆಫನ ಪಾತ್ರ ಅವನದು.

ಆಕೆ ಮೆಟ್ಟಿಲಿಳಿದು, ಸಾಲುಗಳ ನಡುವೆ ನಡೆದು, ಪ್ಲೇಟು ಹಿಡಿದವರು ಬಿಟ್ಟುಕೊಟ್ಟ ದಾರಿಯಲ್ಲಿ ಹಿಂಬಾಗಿಲು ದಾಟಿ ಹೋದರು. ವಾಪಸು ಬರಲಿಲ್ಲ. ಮಗು ಸ್ಟೇಜಿನ ಮೇಲೆ ಅತ್ತರೂ ಚಪ್ಪಾಳೆ ಹೊಡೆಯುವ ನಮ್ಮ ಜನ, ಚಪ್ಪಾಳೆ ಹೊಡೆಯಲಿಲ್ಲ. ರಿಯಲ್ ಎಸ್ಟೇಟಿನವರು ಕೋಟಿನ ಗುಂಡಿ ಬಿಚ್ಚಿ ಕೂತರು.

ನಾನು ಎದ್ದು ಹೊರಗೋಡುವಾಗ ಇನ್ನೊಂದು ಪಕ್ಕದ ಸೀಟೂ ಖಾಲಿ. ಯಜಮಾನರು ಆಗಲೇ ಪಾರ್ಕಿಂಗ್ ಲಾಟಿನಲ್ಲಿದ್ದರು, ಎಚ್ಚರವಾಗಿ, ಕಾರಿನ ಹಿಂಬಾಗಿಲು ತೆರೆದು ಹಿಡಿದುಕೊಂಡು. ಆಕೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಒಳಗೆ ಕೂತಿದ್ದರು. ನಾನು ಹತ್ತಿರ ಹೋದಾಗ ಆಕೆ ಗಂಟು ಬಿಚ್ಚಿ, ಸೇಬುಗಳನ್ನು ಸರಿಸಿ ಒಳಗೆ ಇಣುಕಿ, ನನ್ನ ಕಡೆ ತಿರುಗಿದರು.

“ಸೆನ್ಸೇ,” ಎಂದು ಮಣಿಕಟ್ಟು ಉಜ್ಜಿಕೊಂಡರು, “ಅನಾನಸ್ ಹಾಕಿದ್ದು ಯಾರು?”

ನಾನು ಯಜಮಾನರ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು.

“ನಾನೇ ಕಣೇ,” ಎಂದರು. “ಬುಟ್ಟಿಗೊಂದು ಹೈಟ್ ಬರಲಿ ಅಂತ. ಎರಡು ಹಾಕಿದೀನಿ ಅಂತ ಅವರಿಗೆ ಹೇಳಬೇಡ.”