ನಮ್ಮತ್ತೆಯ ಅನುಮಾನ ಮತ್ತು ಮುರುಗೇಶಪ್ಪನವರ ಟೈಗರ್

ನಮ್ಮತ್ತೆ ವೀರಮ್ಮನವರು ತುಪ್ಪದ ಗಾಜಿನ ಭರಣಿಯ ಮೇಲೆ ವಿಭೂತಿಯಲ್ಲಿ ಗೆರೆ ಎಳೆದಿಡುತ್ತಿದ್ದರು. ಒಳಗೆ ತುಪ್ಪ ಎಲ್ಲಿಯವರೆಗಿದೆಯೋ ಹೊರಗೆ ಅಲ್ಲಿಗೆ ಸರಿಯಾಗಿ ಒಂದು ಬಿಳಿ ಗೆರೆ. ಮನೆಯಲ್ಲಿ ಇದ್ದವರು ಅವರು, ಅವರ ಮಗ ಮತ್ತು ನಾನು. ತನ್ನ ಮನೆಯ ತುಪ್ಪವನ್ನು ತಾನೇ ಕದಿಯುವವರು ಲೋಕದಲ್ಲಿಲ್ಲ, ಮಗ ಸಂಭಾವಿತ, ಉಳಿದವಳು ಸೊಸೆ. ಮದುವೆಯಾಗಿ ಬಂದ ಹೊಸತರಲ್ಲಿ ಆ ಗೆರೆ ನೋಡಿ ಅತ್ತಿದ್ದೇನೆ. ಆಮೇಲೆ ಹಲ್ಲು ಕಡಿದಿದ್ದೇನೆ. ಕೊನೆಗೆ ತುಪ್ಪ ಹಾಕಿಕೊಳ್ಳುವುದನ್ನೇ ಬಿಟ್ಟುಬಿಟ್ಟೆ.

ಅತ್ತೆಗೆ ನನ್ನ ಮೇಲೆ ಮಾತ್ರ ಅನುಮಾನ ಎಂದರೆ ಅವರಿಗೆ ಅನ್ಯಾಯ ಮಾಡಿದಂತೆ. ಗಾಂಧಿ ಬಜಾರಿನಲ್ಲಿ ಒಂದು ತೆಂಗಿನಕಾಯಿ ಕೊಳ್ಳಬೇಕಾದರೆ ಅಂಗಡಿಯಲ್ಲಿದ್ದ ಅಷ್ಟೂ ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಹಾಲಿನವನು ಬೇಸಿಗೆಯಲ್ಲಿ ನೀರು ಬೆರೆಸಿದರೆ ಬೈಗುಳ, ಬೆರೆಸದಿದ್ದರೆ ಇನ್ನೂ ದೊಡ್ಡ ಅನುಮಾನ: ಇವತ್ತು ಯಾಕೆ ಬೆರೆಸಿಲ್ಲ? ಯಾರಾದರೂ ಮದುವೆಗೆ ಕರೆಯಲು ಬಂದರೆ ಕುಂಕುಮ ಕೊಟ್ಟು ಕಳಿಸಿ, ಬಾಗಿಲು ಹಾಕಿ, "ಇವರು ಯಾಕೆ ನಮ್ಮನ್ನ ಕರೀತಿದ್ದಾರೆ?" ಎಂದು ಮಗನನ್ನು ಕೇಳುವರು. ಮಗ ಗಂಗಾಧರಪ್ಪ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳಿಗೆ ಉತ್ತರ ಹೇಳಿ ದಣಿದು ಬಂದವರು. ಅವರು ಸುಮ್ಮನೆ ನಗುತ್ತಿದ್ದರು.

ಈ ಗುಣ ಹಳೆಯದು. ನಮ್ಮ ಮಾವ ಬದುಕಿದ್ದಾಗ ಇವರ ಸಂಸಾರ ಭದ್ರಾವತಿಯಲ್ಲಿ, ಕಾರ್ಖಾನೆಯ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿತ್ತು. ಎರಡೂ ಪಕ್ಕದ ಮನೆಯವರು ತಮಿಳರು. ನಲ್ಲಿಯ ಹತ್ತಿರ ಆ ಹೆಂಗಸರು ಮಾತಾಡಿಕೊಂಡು ನಕ್ಕರೆ ಅತ್ತೆಗೆ ಸಂಕಟ: ನನ್ನ ವಿಷಯವೇ ಇರಬೇಕು. ಅದನ್ನು ತಿಳಿಯಲೆಂದೇ ಕಿವಿಗೊಟ್ಟು ಕೇಳಿ ಕೇಳಿ ತಮಿಳು ಕಲಿತರು. ಕಲಿತದ್ದನ್ನು ಒಂದು ದಿನವೂ ಬಾಯಿ ಬಿಟ್ಟು ಆಡಲಿಲ್ಲ. ಕೊನೆಗೆ ತಿಳಿದದ್ದೇನು? ಅವರು ಇವರನ್ನು ನೋಡಿ, "ಪಾವಂ, ಯಾರ ಜೊತೆಗೂ ಮಾತಾಡದ ಹೆಂಗಸು" ಎಂದು ಮರುಗುತ್ತಿದ್ದರಂತೆ. ಅದಕ್ಕೂ ಅತ್ತೆ ಒಪ್ಪಲಿಲ್ಲ. "ನಂಗೆ ಅರ್ಥ ಆಗುತ್ತೆ ಅಂತ ಗೊತ್ತಾಗಿ ಹಂಗಂದಿರಬೇಕು" ಎಂದರಂತೆ. ಇದನ್ನು ನನಗೆ ಗುಟ್ಟಾಗಿ ಹೇಳಿದವರು ನಮ್ಮ ಮನೆಯವರು. ಮಾವ ತೀರಿಕೊಂಡ ಮೇಲೆ ತಾಯಿ ಮಗ ಶಿವಮೊಗ್ಗಕ್ಕೆ ಬಂದು ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದರು.

ಅದೇ ಬೀದಿಯ ತುದಿಯಲ್ಲಿ ಮುರುಗೇಶಪ್ಪನವರ ದೊಡ್ಡ ಮನೆ. ಮರದ ಕಂಟ್ರಾಕ್ಟರು. ನಮ್ಮ ಜನವೇ. ಮಠಕ್ಕೆ ದೇಣಿಗೆ, ಹಣೆಯ ತುಂಬ ವಿಭೂತಿ, ಮಾತಿನ ತುಂಬ ಸಕ್ಕರೆ. ಸಾವಿರದ ಒಂಬೈನೂರ ಅರವತ್ತೆರಡರ ಆಸುಪಾಸಿನ ಮಾತು ಇದು. ಅವರು ಮುನಿಸಿಪಾಲಿಟಿ ಚುನಾವಣೆಗೆ ನಿಲ್ಲುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಅವರಲ್ಲಿ ಟೈಗರ್ ಎಂಬ ಜಾತಿ ನಾಯಿ ಇತ್ತು. ಕರುವಿನಷ್ಟು ಎತ್ತರ, ಕಪ್ಪು ಬೆನ್ನು. ಅದರೊಂದಿಗೆ ಅವರು ಇಂಗ್ಲಿಷಿನಲ್ಲೇ ಮಾತಾಡುವರು: ಸಿಟ್, ಕಮ್, ಗೋ. ಬೆಳಗಾದರೆ ಅದನ್ನು ಬೀದಿಗೆ ಬಿಟ್ಟು ತಾವು ಜಗಲಿಯ ಮೇಲೆ ಪೇಪರು ಓದುತ್ತ ಕೂರುವರು. ಅದು ಹೂವಿನವಳ ಬುಟ್ಟಿ ಬೀಳಿಸಿತು, ಅಂಚೆಯವನ ಸೈಕಲ್ಲಿಗೆ ಅಡ್ಡ ಹಾರಿತು. ಯಾರು ದೂರು ಹೇಳಿದರೂ ಪೇಪರಿನ ಹಿಂದಿನಿಂದ ಒಂದೇ ಉತ್ತರ: "ನಮ್ಮ ಟೈಗರ್ ಏನೂ ಮಾಡಲ್ಲ ಮಾರಾಯ್ರೆ, ಆಟ ಆಡುತ್ತೆ ಅಷ್ಟೆ."

ಒಂದು ಬೆಳಿಗ್ಗೆ ಅದು ನನ್ನ ಜೊತೆ ಆಟವಾಡಿತು. ನಲ್ಲಿಯಿಂದ ಕೊಡ ಹೊತ್ತು ಬರುತ್ತಿದ್ದೆ. ಬೊಗಳಲೂ ಇಲ್ಲ, ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಕೊಡ ಬಿತ್ತು, ನಾನೂ ಬಿದ್ದೆ. "ಓಡಬೇಡಿ, ಓಡಬೇಡಿ! ಓಡಿದ್ರೇ ಅದು ಕಚ್ಚೋದು!" ಎಂದು ಮುರುಗೇಶಪ್ಪನವರು ಜಗಲಿಯಿಂದ ಕೂಗಿದರು. ನೆಲದ ಮೇಲೆ ಬಿದ್ದವಳು ಎಲ್ಲಿ ಓಡಲಿ? ಆಮೇಲೆ ಹತ್ತಿರ ಬಂದು, ನಾನು ಕೆಂಪು ಸೀರೆ ಉಟ್ಟದ್ದೇ ತಪ್ಪಾಯಿತು ಎಂದು ವಿವರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ದೊಡ್ಡಾಸ್ಪತ್ರೆಯ ಡಾಕ್ಟರು ಗಾಯ ತೊಳೆದು ಕಟ್ಟು ಹಾಕಿ ಹೇಳಿದರು: "ಸಾಕಿದ ನಾಯಿ ಅಲ್ವಾ? ಹತ್ತು ದಿನ ಕಟ್ಟಿಹಾಕಿ ನೋಡ್ಲಿ. ಅದು ಚೆನ್ನಾಗಿದ್ರೆ ಇಂಜೆಕ್ಷನ್ ಬೇಡ. ಸತ್ತರೆ, ಇಲ್ಲ ತಪ್ಪಿಸಿಕೊಂಡು ಹೋದ್ರೆ ಅವತ್ತೇ ಬನ್ನಿ. ಹುಚ್ಚು ಒಂದು ಸಲ ತಲೆಗೆ ಏರಿದ್ರೆ ಆಮೇಲೆ ಔಷಧಿ ಇಲ್ಲ." ಹೊಕ್ಕುಳ ಸುತ್ತ ದಿನವೂ ಚುಚ್ಚುವ ದಪ್ಪ ಸೂಜಿಯ ಕಥೆ ಕೇಳಿದ್ದ ನನಗೆ, ಅದು ತಪ್ಪಿತಲ್ಲ ಎಂದು ಸಂತೋಷವೇ ಆಯಿತು. ಆದರೆ ಅಂದಿನಿಂದ ನನ್ನ ಜೀವ ಆ ನಾಯಿಯ ಜೀವಕ್ಕೆ ಗಂಟು ಬಿದ್ದಿತ್ತು.

ಅತ್ತೆ ದಿನವೂ ಪೂಜೆ ಮುಗಿಸಿ ನಾಯಿ ನೋಡಲು ಹೋಗುತ್ತಿದ್ದರು. ಮನೆಯಲ್ಲಿ ನನ್ನನ್ನೂ ನೋಡುತ್ತಿದ್ದರು. ಹುಚ್ಚು ನಾಯಿ ಕಚ್ಚಿದವರು ನೀರಿಗೆ ಹೆದರುತ್ತಾರೆ, ನೀರಿನಲ್ಲಿ ಅವರಿಗೆ ನಾಯಿಯ ಮುಖ ಕಾಣುತ್ತದೆ ಎಂದು ಅವರ ನಂಬಿಕೆ. "ಕುಡಿ, ನನ್ನೆದುರಿಗೆ ಕುಡಿ" ಎಂದು ತಂಬಿಗೆ ಹಿಡಿದು ನಿಲ್ಲುವರು. ನಾನು ಗುಟುಕು ನುಂಗುವಾಗ ಗಂಟಲನ್ನೇ ದಿಟ್ಟಿಸಿ ನೋಡುವರು. ತುಪ್ಪ ಎಷ್ಟು ತಿಂದೆ ಎಂದು ನೋಡುತ್ತಿದ್ದ ಕಣ್ಣು ಈಗ ನೀರು ಎಷ್ಟು ಕುಡಿದೆ ಎಂದು ನೋಡುತ್ತಿದೆಯಲ್ಲ ಎಂದು ನನಗೆ ರೇಗುತ್ತಿತ್ತು.

ಮೊದಲೆರಡು ದಿನ ಟೈಗರ್ ಮೂಲೆ ಹಿಡಿದು ಗುರುಗುಡುತ್ತ ಮಲಗಿತ್ತಂತೆ. ಮುಂದಿನ ದಿನ ಗೇಟಿಗೆ ಬೀಗ. ಮುರುಗೇಶಪ್ಪನವರ ಹೆಂಡತಿ ಜಗದಾಂಬಾ ಕಿಟಕಿಯಿಂದಲೇ, ನಾಯಿಗೆ ಸ್ನಾನ ಮಾಡಿಸಲು ಹೊಳೆಗೆ ಕರೆದುಕೊಂಡು ಹೋಗಿದ್ದಾರೆ ಎಂದರಂತೆ. ಅದರ ಮಾರನೆಯ ಬೆಳಿಗ್ಗೆ ನೋಡಿದರೆ ನಾಯಿ ಸರಪಳಿಯಲ್ಲಿ ಲಕ್ಷಣವಾಗಿ ನಿಂತು ರಾಗಿ ಅಂಬಲಿ ನೆಕ್ಕುತ್ತಿದೆ, ಅತ್ತೆಯನ್ನು ಕಂಡು ಬಾಲವನ್ನೂ ಆಡಿಸಿತು. ಬೀದಿಯವರಿಗೆಲ್ಲ ಸಮಾಧಾನವಾಯಿತು.

ಅತ್ತೆ ಮಾತ್ರ ಮುಖ ಗಂಟು ಹಾಕಿಕೊಂಡು ಬಂದರು. "ಕಡಿಯೋ ನಾಯಿ ರಾತ್ರಿ ಬೆಳಗಾಗೋದ್ರಲ್ಲಿ ಇಷ್ಟು ಮರ್ಯಾದಸ್ಥ ಆಗುತ್ತೇನೇ ಸುಭದ್ರಾ?"

"ಒಳ್ಳೇದಾದ್ರೂ ನಿಮಗೆ ಅನುಮಾನಾನಾ ಅತ್ತೆ?" ಎಂದೆ. "ಅವರು ನಮ್ಮವರು. ಲಿಂಗ ಕಟ್ಟಿದವರು ಸುಳ್ಳು ಹೇಳ್ತಾರಾ?"

"ಬೆಳ್ಳಗಿರೋದೆಲ್ಲ ಹಾಲಲ್ಲ ಮಾರಾಯ್ತಿ" ಎಂದು ಒಳಗೆ ಹೋದರು.

ಆ ಸಂಜೆ ಮುರುಗೇಶಪ್ಪನವರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಯಾರೂ ಏನೂ ಕೇಳುವ ಮೊದಲೇ ಎದೆಯ ಮೇಲೆ ಕೈಯಿಟ್ಟು, "ವೀರಮ್ಮನೋರೆ, ಲಿಂಗ ಮುಟ್ಟಿ ಹೇಳ್ತೀನಿ, ನಮ್ಮ ಮನೇಲಿ ಕಟ್ಟಿರೋ ನಾಯಿಗೆ ಯಾವ ಕಾಯಿಲೇನೂ ಇಲ್ಲ" ಎಂದರು. ನಮ್ಮ ಮನೆಯವರು, ಇಷ್ಟು ದೊಡ್ಡ ಮಾತು ಯಾಕೆ ಸಾರ್ ಎಂದು ಕೈ ಮುಗಿದೇಬಿಟ್ಟರು.

ಅವರು ಹೋದ ಮೇಲೆ ಅತ್ತೆ ಆ ಬಾಳೆಹಣ್ಣನ್ನು ಮುಟ್ಟಲಿಲ್ಲ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಇವನು ಯಾರೂ ಅನ್ನದೇನೇ ನೋಡ್ಕೊಂಡ" ಎಂದರು.

"ಅವ್ವಾ, ಆಣೆ ಇಟ್ಟರಲ್ಲ" ಎಂದರು ಮಗ.

"ಇಟ್ಟ. ಏನಂತ ಇಟ್ಟ? ಕಟ್ಟಿರೋ ನಾಯಿಗೆ ಕಾಯಿಲೆ ಇಲ್ಲ ಅಂದ. ಕಚ್ಚಿದ ನಾಯಿಗೆ ಕಾಯಿಲೆ ಇಲ್ಲ ಅಂತ ಯಾಕನ್ನಲಿಲ್ಲ?"

ಅಕ್ಷರ ಹಿಡಿದು ಎಳೆದಾಡುವ ಈ ಬುದ್ಧಿಗೆ ಏನು ಮದ್ದು ಎಂದು ನಾನು ಹಣೆ ಚಚ್ಚಿಕೊಂಡೆ. ಆದರೂ ಅಂದು ಆ ಬಾಳೆಹಣ್ಣನ್ನು ನಾನೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ನನ್ನನ್ನೂ ಎಬ್ಬಿಸಿಕೊಂಡು ಹೊರಟರು. ಕುಂಟುತ್ತ ಹೋದೆ. ಮುರುಗೇಶಪ್ಪನವರು ಜಗಲಿಯಲ್ಲಿದ್ದರು, ನಾಯಿ ಕಂಬದ ಬುಡದಲ್ಲಿ ಮಲಗಿತ್ತು. "ನೋಡಿ, ಕಣ್ತುಂಬ ನೋಡಿ. ಟೈಗರ್, ಕಮ್!" ಎಂದರು. ನಾಯಿ ಕಿವಿಯನ್ನೂ ಎತ್ತಲಿಲ್ಲ. ಕಟ್ಟಿಹಾಕಿ ಹಾಕಿ ಅದಕ್ಕೆ ಬೇಜಾರಾಗಿದೆ ಎಂದು ಅವರೇ ಕಾರಣ ಕೊಟ್ಟರು.

ಅಷ್ಟರಲ್ಲಿ ಸವೆದ ಒರಳುಕಲ್ಲನ್ನು ಉಳಿಯಿಂದ ಕೆತ್ತಿ ಮುಳ್ಳು ಹಾಕುವ ತಮಿಳು ಹೆಂಗಸರಿಬ್ಬರು ಬೀದಿಯಲ್ಲಿ ಬಂದರು. ಮುಂದೆ ಹೋಗುತ್ತಿದ್ದವಳು ಹಿಂದಿನವಳನ್ನು, "ವಾ, ವಾ, ಸೀಕ್ರಂ ವಾ" ಎಂದು ಬೇಗ ಬರಲು ಕೂಗಿದಳು. ಮಲಗಿದ್ದ ನಾಯಿ ತಟ್ಟನೆ ಎದ್ದು ನಿಂತಿತು. ಬಾಲ ಆಡಿಸುತ್ತ ಅವಳ ಕಡೆಗೇ ನೋಡಿತು.

ನನಗೆ ಏನೂ ಹೊಳೆಯಲಿಲ್ಲ. ಅತ್ತೆ ಸೆರಗು ಬಿಗಿದು ಗೇಟಿನ ಒಳಗೆ ಎರಡು ಹೆಜ್ಜೆ ಇಟ್ಟರು. ಅಷ್ಟು ವರ್ಷ ಬಾಯಿಯಲ್ಲೇ ಕಟ್ಟಿಟ್ಟಿದ್ದ ಭಾಷೆಯನ್ನು ಅಂದು ಹೊರಗೆ ಬಿಟ್ಟರು.

"ಇಂಗೆ ವಾ" ಎಂದರು. ಇಲ್ಲಿ ಬಾ ಎಂದು. ನಾಯಿ ಸರಪಳಿ ಜಗ್ಗುವವರೆಗೂ ಓಡಿ ಬಂತು.

"ಉಕ್ಕಾರು." ನಾಯಿ ಅವರ ಕಾಲ ಬಳಿ ಕುಳಿತುಕೊಂಡಿತು.

"ಟೈಗರ್! ಗೋ! ಗೋ!" ಎಂದು ಮುರುಗೇಶಪ್ಪನವರು ಕಿರುಚಿದರು. ಅದು ಅವರತ್ತ ತಿರುಗಿಯೂ ನೋಡಲಿಲ್ಲ.

ಬೀದಿಯಲ್ಲಿ ಜನ ನಿಂತಿದ್ದರು. ಅತ್ತೆ ಎಲ್ಲರಿಗೂ ಕೇಳುವಂತೆ ಕೇಳಿದರು: "ಮುರುಗೇಶಪ್ಪನೋರೆ, ನಂಗೆ ತಮಿಳು ಕಲಿಯೋಕೆ ವರ್ಷಗಟ್ಟಲೆ ಹಿಡೀತು. ನಿಮ್ಮ ನಾಯಿ ಇಂಗ್ಲಿಷ್ ಮರೆತು ತಮಿಳು ಕಲಿಯೋಕೆ ಒಂದು ವಾರಾನೂ ಹಿಡೀಲಿಲ್ವಲ್ಲ. ನಮ್ಮ ಹುಡುಗೀನ ಕಚ್ಚಿದ ನಾಯಿ ಎಲ್ಲಿ?"

ಮುರುಗೇಶಪ್ಪನವರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಗೇಟಿನ ಕಾವಲುಗಾರ ಓಬಯ್ಯನೇ ಮುಂದೆ ಬಂದ. ನನ್ನ ಕಾಲಿನ ಕಟ್ಟು ನೋಡಿ ಅವನ ಕಣ್ಣು ತುಂಬಿತು. "ಅದು ಸತ್ತೋಯ್ತು ಕಣಮ್ಮ. ಬಾಯಲ್ಲಿ ನೊರೆ ಬರ್ತಿತ್ತು. ರಾಗಿಗುಡ್ಡದ ಹತ್ರ ನಾನೇ ಹೂತು ಬಂದೆ. ಇದು ಅದರ ಜೊತೇಲಿ ಹುಟ್ಟಿದ್ದು, ಭದ್ರಾವತೀಲಿ ಯಜಮಾನ್ರ ಮರ ಕೊಯ್ಯೋ ಸಾಮಿಲ್‌ನಲ್ಲಿತ್ತು. ಅಲ್ಲಿ ಕೂಲಿಯೋರೆಲ್ಲ ತಮಿಳ್ರು. ಹೇಳಿದ್ರೆ ಕೆಲಸದಿಂದ ತೆಗೀತೀನಿ ಅಂದಿದ್ರು ಯಜಮಾನ್ರು."

ಹುಚ್ಚು ನಾಯಿಯನ್ನು ಬೀದಿಗೆ ಬಿಟ್ಟವನಿಗೆ ವೋಟು ಯಾರು ಹಾಕುತ್ತಾರೆಂಬ ಭಯ ಅವರಿಗೆ. ಮುಂದೆ ಅವರು ಚುನಾವಣೆಗೆ ನಿಂತರು, ಗೆದ್ದರು ಕೂಡ. ಊರು ಅಂಥದ್ದು. ಆ ಹೊತ್ತಿಗೆ ನನಗೆ ಅದೊಂದೂ ತಲೆಯಲ್ಲಿರಲಿಲ್ಲ. ನಾನು ಸತ್ತೇ ಹೋದೆ ಎಂದು ಅಲ್ಲೇ ಕುಸಿದು ಕೂತಿದ್ದೆ. ಅತ್ತೆ ನನ್ನ ರಟ್ಟೆ ಹಿಡಿದು ಎಬ್ಬಿಸಿ ಜಟಕಾಗಾಡಿ ಹತ್ತಿಸಿದರು. ದಾರಿಯುದ್ದಕ್ಕೂ ಕೈ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ನಿಗೇ ಒಂದು ಸಾಲು. ನಮ್ಮ ಮುಂದೆ ತಲೆ ತುಂಬ ಸೆರಗು ಹೊದ್ದ ಹೆಂಗಸೊಬ್ಬರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಅತ್ತೆ ಬಗ್ಗಿ ಮುಖ ನೋಡಿದರು. ಜಗದಾಂಬಾ. ನಾಯಿಗೆ ಕೈಯಾರೆ ಅನ್ನ ಹಾಕುತ್ತಿದ್ದವರು ಅವರೇ. ಅದು ಸತ್ತ ದಿನದಿಂದಲೇ ಬಂದು ಚುಚ್ಚಿಸಿಕೊಳ್ಳುತ್ತಿದ್ದಾರೆ. ಅತ್ತ ತಮ್ಮ ಹೊಟ್ಟೆಗೆ ಔಷಧಿ, ಇತ್ತ ನಮ್ಮ ಮನೆಗೆ ಬಾಳೆಹಣ್ಣು. ನನಗೆ ಅಳುವೂ ಬರಲಿಲ್ಲ, ಅಷ್ಟು ಅಸಹ್ಯವಾಯಿತು.

"ಹೇಳ್ಬೇಕು ಅಂತಿದ್ದೆ ವೀರಮ್ಮನೋರೆ. ಅವರು ಬೇಡ ಅಂದ್ರು" ಎಂದು ಜಗದಾಂಬಾ ಗೋಡೆಯ ಕಡೆಗೆ ಸರಿದು ನಮಗೆ ಜಾಗ ಬಿಟ್ಟರು.

ಅತ್ತೆ ಮುಂದೆ ಹೋಗಲಿಲ್ಲ. "ನೀನೇ ಹೋಗಮ್ಮ. ನಿಂದು ನಮಗಿಂತ ಮುಂಚೆ ಶುರುವಾಗಿದೆ" ಎಂದರು.

ನಮ್ಮ ಸರದಿ ಬಂದಾಗ ಅತ್ತೆ ಕಾಂಪೌಂಡರನ್ನು, "ಔಷಧಿ ಸೀಸೆ ನನ್ನೆದುರಿಗೆ ತೆಗೀರಿ, ನೀರು ಬೆರೆಸಿಲ್ಲ ತಾನೆ?" ಎಂದು ಕೇಳಿದರು. ಕಾಂಪೌಂಡರು ನಕ್ಕರು. ನಾನು ನಗಲಿಲ್ಲ. ಆ ಮಾತು ಕೇಳಿ ಜೀವ ಉಳಿಯುತ್ತದೆ ಎಂಬ ಧೈರ್ಯ ಬಂತು.

ಮನೆಗೆ ಬಂದು ಊಟಕ್ಕೆ ಕೂತಾಗ ಅತ್ತೆ ತುಪ್ಪದ ಭರಣಿ ತಂದರು. ನನ್ನ ಅನ್ನದ ಮೇಲೆ ತಾವೇ ಸುರಿದರು, ಸಾಕು ಎಂದರೂ ಸುರಿದರು. ಆಮೇಲೆ ಹಳೆಯ ಗೆರೆಯನ್ನು ಸೆರಗಿನಲ್ಲಿ ಒರೆಸಿ, ಕೆಳಗೆ ಹೊಸದೊಂದು ಎಳೆದರು. ಇಷ್ಟಾದ ಮೇಲೂ ಗೆರೆಯೇ ಎಂದು ನನ್ನ ಕೈ ತುತ್ತಿನಲ್ಲೇ ನಿಂತಿತು.

"ಎಷ್ಟು ದಿನದಿಂದ ನೀನು ತುಪ್ಪ ಮುಟ್ಟಿಲ್ಲ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?" ಎಂದರು ಅತ್ತೆ. "ನಾಳೆ ಹೊತ್ತಿಗೆ ಈ ಗೆರೆಯಿಂದ ಕೆಳಗೆ ಇಳಿದಿರಬೇಕು. ಇಳೀಲಿಲ್ಲ ಅಂದ್ರೆ ನೀನು ಉಂಡಿಲ್ಲ ಅಂತ ಗೊತ್ತಾಗುತ್ತೆ."

ನಾನು ತಲೆ ಬಗ್ಗಿಸಿ ಉಂಡೆ. ಅವರು ಎದುರಿಗೇ ಕೂತು ಕೊನೆಯ ತುತ್ತಿನವರೆಗೂ ನೋಡಿದರು.